ತುಳಿಯದೆ ಉರುಳುವ ಬೈಸಿಕಲ್ಲಿನ ಮಾತು



ಬೈಸಿಕಲ್ಲನ್ನೇರಿದವನು ಏರಿನಲ್ಲಿ ತುಳಿಯುತ್ತಾನೆ, ಇಳಿಜಾರಿನಲ್ಲಿ ಕಾಲು ನಿಲ್ಲಿಸುತ್ತಾನೆ. ಕಾಲು ನಿಂತರೂ ಗಾಡಿ ನಿಲ್ಲುವುದಿಲ್ಲ. ಹಿಂದಿನ ಚಕ್ರದ ನಡುವಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದೊಂದು ಹೊರಡುತ್ತದೆ. ಅದನ್ನು ನಾವೆಲ್ಲರೂ ಕೇಳಿದ್ದೇವೆ. ಕೇಳಿ ಮರೆತೂ ಇದ್ದೇವೆ. ಈ ಹೊತ್ತು ಆ ಸದ್ದಿನ ವಿಷಯವಾಗಿಯೂ, ಕಾಲು ನಿಲ್ಲಿಸಿದ ಆ ನಾಲ್ಕು ಕ್ಷಣಗಳಲ್ಲಿ ಬೈಸಿಕಲ್ಲು ತನ್ನ ರೋಗವನ್ನು ತಾನೇ ಹೇಗೆ ಹೇಳಿಕೊಳ್ಳುತ್ತದೆಂಬ ವಿಷಯವಾಗಿಯೂ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ. ವೈದ್ಯನು ನಾಡಿ ಹಿಡಿಯುವಾಗ ರೋಗಿಯನ್ನು ಸುಮ್ಮನೆ ಮಲಗಿಸುತ್ತಾನಷ್ಟೆ. ಬೈಸಿಕಲ್ಲಿನ ನಾಡಿಯನ್ನು ನೋಡುವುದಕ್ಕೂ ತುಳಿಯುವುದನ್ನು ನಿಲ್ಲಿಸುವುದೇ ಮೊದಲ ಕ್ರಮ.

ಇದು ಪಟ್ಟಣದ ವಿನೋದಗಾರರಿಗೆ ಸಂಬಂಧಿಸಿದ ವಿಷಯವೆಂದು ಯಾರೂ ಎಣಿಸಬಾರದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕನ್ನು ತೆಗೆದುಕೊಳ್ಳೋಣ. ಅದರ ಪಡುವಣ ಭಾಗ ಮಲೆನಾಡು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಲೋಂಡೆಯ ಸುತ್ತ ಕಾಡು ದಟ್ಟವಾಗಿದೆ. ಮೂಡಣಕ್ಕೆ ಬಂದಂತೆ ಕಾಡು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಆ ಬಯಲಿನ ಊರುಗಳಲ್ಲಿ ಪಾರಿಶ್ವಾಡವೂ ಒಂದು. ಇಂಥ ಊರಿನಲ್ಲಿ ಬೈಸಿಕಲ್ಲೆಂದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸಂತೆಯ ಚೀಲ ಮತ್ತು ಶಾಲೆಯ ಪುಸ್ತಕ. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅಲ್ಲಿಂದೀಚೆಗೆ, ತಮ್ಮ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆಯುಳ್ಳ ಎಷ್ಟೋ ಹೆಣ್ಣುಮಕ್ಕಳು ಎರಡು ಮೂರು ಮೈಲಿಗಳಾಚೆಯ ಪ್ರೌಢಶಾಲೆಗೆ ಚಕ್ರದ ಮೇಲೆಯೇ ಹೋಗಿಬಂದರು. ಗಾಡಿ ಕೆಟ್ಟು ಹಿತ್ತಿಲ ಗೋಡೆಗೆ ಒರಗಿತೆಂದರೆ ಅದರೊಡನೆ ಓದೂ ಗೋಡೆಗೆ ಒರಗುವ ಸಂಭವವುಂಟು. ಆದಕಾರಣ ಈ ಯಂತ್ರದ ಸಣ್ಣ ರೋಗವನ್ನು ಸಣ್ಣದಾಗಿರುವಾಗಲೇ ಗುರುತಿಸುವುದು ಲಾಭದ ಮಾತು.

ತುಳಿದ ಬಲವು ಯಾವ ದಾರಿಯಿಂದ ಚಕ್ರವನ್ನು ಸೇರುತ್ತದೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಕಾಲು ಪೆಡಲನ್ನು ಒತ್ತುತ್ತದೆ. ಪೆಡಲು ಕ್ರ್ಯಾಂಕನ್ನು ತಿರುಗಿಸುತ್ತದೆ. ಕ್ರ್ಯಾಂಕು ಕಾಟರ್ ಪಿನ್ನೆಂಬ ಒಂದು ಬೆಣೆಯ ಮೂಲಕ ನಡುವಿನ ಅಚ್ಚನ್ನು ಹಿಡಿದಿದೆ. ಬಲಗಡೆಯ ಕ್ರ್ಯಾಂಕಿಗೆ ದೊಡ್ಡ ಹಲ್ಲುಚಕ್ರ ಅಂಟಿಕೊಂಡಿದೆ. ಅದರ ಹಲ್ಲುಗಳು ಚೈನನ್ನು ಮುಂದಕ್ಕೆ ಎಳೆಯುತ್ತವೆ. ಎಳೆತವೆಲ್ಲ ಚೈನಿನ ಮೇಲಿನ ಸಾಲಿನಲ್ಲಿ ಇರುತ್ತದೆ, ಕೆಳಗಿನ ಸಾಲು ಸಡಿಲವಾಗಿ ಹಿಂದಕ್ಕೆ ಹೋಗುತ್ತಿರುತ್ತದೆ. ಚೈನು ಹಿಂದುಗಡೆಯ ಸಣ್ಣ ಹಲ್ಲುಚಕ್ರವನ್ನು, ಎಂದರೆ ಫ್ರೀವೀಲಿನ ಹೊರಬಳೆಯನ್ನು, ತಿರುಗಿಸುತ್ತದೆ. ಈ ಹೊರಬಳೆಯ ಒಳಮೈಯಲ್ಲಿ ಗರಗಸದಂತೆ ಓರೆಯಾದ ಹಲ್ಲುಗಳಿವೆ. ಅದರೊಳಗೆ ಹಬ್ಬಿಗೆ ತಿರುಪಿ ಕೂರಿಸಿದ ಒಳಗಡ್ಡೆಯೊಂದಿದೆ. ಅದರ ಮೈಯಲ್ಲಿ ಸಾಮಾನ್ಯವಾಗಿ ಎರಡು ಉಕ್ಕಿನ ಕಿರುನಾಲಗೆಗಳು, ಅವುಗಳ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗು. ತುಳಿದಾಗ ನಾಲಗೆಗಳು ಹಲ್ಲಿಗೆ ಕಚ್ಚಿಕೊಂಡು ಚಕ್ರವನ್ನು ಎಳೆದೊಯ್ಯುತ್ತವೆ. ಕಾಲು ನಿಲ್ಲಿಸಿದಾಗ ಹೊರಬಳೆ ನಿಲ್ಲುತ್ತದೆ, ಒಳಗಡ್ಡೆ ಚಕ್ರದೊಡನೆ ಓಡುತ್ತಲೇ ಇರುತ್ತದೆ. ನಾಲಗೆಗಳು ಓರೆಹಲ್ಲುಗಳ ಬೆನ್ನಮೇಲೆ ಜಾರಿ ಜಾರಿ ಬೀಳುತ್ತವೆ. ಆ ಬೀಳುವಿಕೆಯೇ ನಾವು ಕೇಳುವ ಟಿಕ್ ಟಿಕ್. ಹಿಂದೂಸ್ತಾನಿ ಬಲ್ಲ ಮಿಸ್ತ್ರಿಗಳು ಈ ನಾಲಗೆಯನ್ನು ‘ಕುತ್ತಾ’ ಎನ್ನುತ್ತಾರೆ. ಒಂದು ಕಡೆಯಿಂದ ಬಂದವನನ್ನು ಸುಮ್ಮನೆ ಬಿಟ್ಟು ಇನ್ನೊಂದು ಕಡೆಯಿಂದ ಬಂದವನನ್ನು ಕಚ್ಚುವ ಪ್ರಾಣಿಗೆ ಆ ಹೆಸರು ತಕ್ಕುದಾಗಿಯೇ ಇದೆ.

ಮೊದಮೊದಲಿನ ಬೈಸಿಕಲ್ಲುಗಳಿಗೆ ಈ ಸೌಕರ್ಯವಿರಲಿಲ್ಲ. ಹಾನ್ಸ್ ರೆನೋಲ್ಡನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಉರುಳೆಯ ಚೈನನ್ನು ರೂಪಿಸಿದನು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲೆಯ ‘ರೋವರ್’ ಗಾಡಿ ಬಂದಿತು. 1888ರಲ್ಲಿ ಡನ್‌ಲಪ್ಪನ ಗಾಳಿಟಯರು. ಆದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕಾಗಿತ್ತು. ಇಳಿಜಾರಿನಲ್ಲಿ ಸವಾರರು ಕಾಲುಗಳನ್ನೆತ್ತಿ ಮುಂದಿನ ಕವಲಿಗೆ ಹಚ್ಚಿದ ಗೂಟಗಳ ಮೇಲೆ ಇಟ್ಟುಕೊಳ್ಳುತ್ತಿದ್ದರಂತೆ. ಕೆಳಗೆ ಪೆಡಲುಗಳು ಹುಚ್ಚುಹಿಡಿದಂತೆ ಸುತ್ತುತ್ತಿರುವುದು! ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರೀವೀಲು ಬಳಕೆಗೆ ಬಂದಮೇಲೆ ಈ ಸರ್ಕಸ್ಸು ತಪ್ಪಿತು.

ಇನ್ನು ಪರೀಕ್ಷೆಯ ಮಾತು. ಬೈಸಿಕಲ್ಲಿನಿಂದ ಏನೋ ಸದ್ದು ಬರುತ್ತಿದೆಯೆನ್ನೋಣ. ಅದು ಎಲ್ಲಿಂದ ಬರುತ್ತಿದೆಯೆಂಬುದನ್ನು ಕಿವಿಯೊಂದರಿಂದಲೇ ಕಂಡುಹಿಡಿಯುವುದು ಕಷ್ಟ. ಟೊಳ್ಳಾದ ಕೊಳವೆಗಳ ಚೌಕಟ್ಟು ವೀಣೆಯ ಬುರುಡೆಯಂತೆ. ಎಲ್ಲೋ ಹುಟ್ಟಿದ ಧ್ವನಿಯನ್ನು ಇನ್ನೆಲ್ಲೋ ಕೇಳಿಸುತ್ತದೆ. ಆದುದರಿಂದ ಸ್ಥಳವನ್ನು ಹುಡುಕುವ ಮೊದಲು ಸಂದರ್ಭವನ್ನು ಹುಡುಕಬೇಕು. ಸಮನೆಲದ ಮೇಲೆ, ಜನಸಂಚಾರವಿಲ್ಲದ ಕಡೆ, ಮೂರು ಬಗೆಯಾಗಿ ಓಡಿಸಿ ನೋಡಿರಿ. ಮೊದಲು ಸ್ವಲ್ಪ ಜೋರಾಗಿ ತುಳಿಯಿರಿ. ಆಮೇಲೆ ಕಾಲುಗಳನ್ನು ನಿಶ್ಚಲವಾಗಿ ಇಟ್ಟು ಗಾಡಿಯನ್ನು ಉರುಳಬಿಡಿರಿ. ಮೂರನೆಯದಾಗಿ, ಹಾಗೆ ಉರುಳುತ್ತಿರುವಾಗಲೇ ಪೆಡಲನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸಿರಿ. ಈ ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಆದರೆ ಅದಿಲ್ಲದೆ ಪರೀಕ್ಷೆ ಅರ್ಧವಾದಂತೆ.

ಕಾರಣವನ್ನು ಹೇಳುತ್ತೇವೆ. ಕಾಲು ನಿಲ್ಲಿಸಿದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ಪೆಡಲು, ನಡುವಿನ ಅಚ್ಚು, ಚೈನು ಇವುಗಳ ಚಲನೆ ನಿಲ್ಲುತ್ತದೆ, ಜೊತೆಗೆ ಅವುಗಳ ಮೇಲಿನ ಭಾರವೂ ಇಳಿಯುತ್ತದೆ. ಸದ್ದು ನಿಂತದ್ದು ಚಲನೆ ನಿಂತದ್ದರಿಂದಲೋ ಭಾರ ಇಳಿದದ್ದರಿಂದಲೋ ಎಂಬುದು ಅಷ್ಟರಿಂದಲೇ ತಿಳಿಯದು. ಹಿಂದಕ್ಕೆ ತಿರುಗಿಸಿದರೆ ಚಲನೆ ಮಾತ್ರ ಇರುತ್ತದೆ, ಭಾರವಿರುವುದಿಲ್ಲ. ಆಗ ಸದ್ದು ಮತ್ತೆ ಬಂದರೆ ತಿಕ್ಕುವ ದೋಷ: ಚೈನು ಚೈನ್ ಕವರಿಗೆ ಉಜ್ಜುತ್ತಿರಬಹುದು, ಚೈನಿನ ಕೊಂಡಿಯೊಂದು ಬಿಗಿದುಕೊಂಡಿರಬಹುದು, ನಡುವಿನ ಅಚ್ಚಿನ ಗುಂಡೊಂದು ಒಡೆದಿರಬಹುದು. ಹಿಂದಕ್ಕೆ ತಿರುಗಿಸಿದರೂ ಸದ್ದಿಲ್ಲ, ಜೋರಾಗಿ ತುಳಿದಾಗ ಮಾತ್ರ ಇದೆ ಎಂದಾದರೆ ಅದು ಭಾರಕ್ಕೆ ನರಳುವ ದೋಷ: ಸಡಿಲಾದ ಕಾಟರ್ ಪಿನ್ನು, ಪೆಡಲಿನ ಅಚ್ಚು, ಸವೆದ ಚೈನು, ಕೆಲವೊಮ್ಮೆ ಸೀಟಿನ ಸ್ಪ್ರಿಂಗೂ ಸಹ. ಕಾಲು ನಿಂತಮೇಲೂ ಸದ್ದು ಬಿಡದಿದ್ದರೆ ಪೆಡಲು ಚೈನುಗಳನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಆಗ ಚಕ್ರವನ್ನೇ ನೋಡಬೇಕು. ಅದರ ಹಬ್ಬು, ಕಡ್ಡಿಗಳು, ಬ್ರೇಕಿನ ಗುಟ್ಟೆ, ಮಡ್ಗಾರ್ಡು, ಮತ್ತು ಫ್ರೀವೀಲಿನ ಒಳಗಡ್ಡೆ.

ಇಷ್ಟು ಸರಳವಾದ ವಿವೇಚನೆಯನ್ನು ಮಾಡದೆ ಬಡವರ ಹಣ ವ್ಯರ್ಥವಾಗುವುದನ್ನು ನಾವು ಕಂಡಿದ್ದೇವೆ. ಆ ಸೀಮೆಯ ರಸ್ತೆಬದಿಯ ಅಂಗಡಿಯೊಂದರಲ್ಲಿ ಹಾಲು ಮಾರುವ ವೃದ್ಧರೊಬ್ಬರು ಗಾಡಿಯನ್ನು ತಂದು ನಿಲ್ಲಿಸಿದ್ದರು. ಒಂದು ವಾರದ ಹಿಂದೆ ಬೇರೆ ಯಾರೋ ಹೊಸ ಚೈನು ಹಾಕಿಕೊಟ್ಟಿದ್ದರಂತೆ, ಕರಕರ ಸದ್ದು ಮಾತ್ರ ಹೋಗಿರಲಿಲ್ಲ. ಅಂಗಡಿಯ ತರುಣನು ಉಪಕರಣಕ್ಕೆ ಕೈಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿದನು: “ಅಜ್ಜಾರ, ತುಳಿಯೋದು ಬಿಟ್ಟಾಗ ಸಪ್ಪಳ ನಿಂದರತೈತೇನ್ರಿ?” ಅವರು ಸ್ವಲ್ಪ ಯೋಚಿಸಿ, “ಇಲ್ಲಪಾ, ಗಾಡಿ ನಿಂತಾಗನ ನಿಂದರತೈತಿ” ಎಂದರು. ಆತನು ಚೈನನ್ನು ಮುಟ್ಟಲಿಲ್ಲ. ಹಿಂದಿನ ಚಕ್ರವನ್ನು ಬಿಚ್ಚಿ ಹಬ್ಬಿನಿಂದ ಎರಡು ಹೋಳಾದ ಗುಂಡೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟನು. ಹಿಂದಿನ ಹಬ್ಬಿನಲ್ಲಿ ಪಕ್ಕಕ್ಕೆ ಒಂಬತ್ತರಂತೆ ಕಾಲು ಅಂಗುಲದ ಗುಂಡುಗಳಿರುತ್ತವೆ. ಒಂದು ಒಡೆದರೆ ಅದರ ಚೂರು ಉಳಿದವುಗಳನ್ನೂ ಅವು ಉರುಳುವ ಬಟ್ಟಲನ್ನೂ ತಿನ್ನುತ್ತದೆ. ಒಂದು ವಾರ ಮೊದಲೇ ಆ ಪ್ರಶ್ನೆಯನ್ನು ಕೇಳಿದ್ದರೆ ಕೋನು ಉಳಿಯುತ್ತಿತ್ತು, ಚೈನಿನ ಹಣವೂ ಉಳಿಯುತ್ತಿತ್ತು.

ಸದ್ದು ಯಾವಾಗ ಬರುತ್ತದೆಂಬುದಲ್ಲದೆ ಎಷ್ಟು ಸಲ ಬರುತ್ತದೆಂಬುದನ್ನೂ ಎಣಿಸಬಹುದು. ನಮ್ಮ ಕಡೆಯ ಸಾಧಾರಣ ಗಾಡಿಯಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇರುವುದು ವಾಡಿಕೆ. ಕೆಲವಕ್ಕೆ ಮುಂದೆ 48 ಇರುವುದೂ ಉಂಟು. 44ನ್ನು 18ರಿಂದ ಭಾಗಿಸಿದರೆ ಎರಡೂವರೆಗೆ ತುಸು ಕಡಮೆ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಅಷ್ಟು ಸುತ್ತು ಬರುತ್ತದೆ. 28 ಅಂಗುಲದ ಚಕ್ರದ ಸುತ್ತಳತೆ 88 ಅಂಗುಲ; ಆದ್ದರಿಂದ ಪೆಡಲಿನ ಒಂದು ಸುತ್ತಿಗೆ ಗಾಡಿ ಸುಮಾರು 18 ಅಡಿ ಮುಂದೆ ಹೋಗುತ್ತದೆ. ಚೈನಿನಲ್ಲಿ ಹೆಚ್ಚು ಕಡಮೆ 110 ಕೊಂಡಿಗಳಿದ್ದರೆ, ಅದು ಪೂರ್ತಿ ಒಂದು ಸುತ್ತು ಬರಲು ಪೆಡಲು ಎರಡೂವರೆ ಸುತ್ತು ತಿರುಗಬೇಕು. ಈ ಲೆಕ್ಕದಿಂದ ಏನು ತಿಳಿಯಿತು? ಪೆಡಲಿನ ಪ್ರತಿಯೊಂದು ಸುತ್ತಿಗೂ ಒಮ್ಮೆ ‘ಟಕ್’ ಎಂದರೆ ದೋಷವು ಪೆಡಲು, ಕ್ರ್ಯಾಂಕು ಅಥವಾ ಬಗ್ಗಿದ ಹಲ್ಲುಚಕ್ರದಲ್ಲಿದೆ. ಎರಡೂವರೆ ಸುತ್ತಿಗೊಮ್ಮೆ ಎಂದರೆ ಚೈನಿನ ಒಂದು ಕೊಂಡಿ ಬಿಗಿದುಕೊಂಡಿದೆ. ಒಂದು ಸುತ್ತಿನೊಳಗೇ ಎರಡು ಮೂರು ಸಲ ಎಂದರೆ ಹಿಂದಿನ ಚಕ್ರ. ಎಣಿಸಲು ಬರುವ ಎಂಟನೆಯ ತರಗತಿಯ ಹುಡುಗಿಗೆ ಇಷ್ಟು ಸಾಕು. ಭಾಗಾಕಾರವನ್ನು ಕಲಿಸುವ ಉಪಾಧ್ಯಾಯರು ಈ ಲೆಕ್ಕವನ್ನು ಹಲಗೆಯ ಮೇಲೆ ಹಾಕಿದರೆ, ಕೊಳಾಯಿಯಿಂದ ತುಂಬಿ ತೂತಿನಿಂದ ಖಾಲಿಯಾಗುವ ತೊಟ್ಟಿಯ ಲೆಕ್ಕಕ್ಕಿಂತ ಮಕ್ಕಳು ಇದನ್ನು ಹೆಚ್ಚು ಪ್ರೀತಿಯಿಂದ ಮಾಡುವರೆಂದು ನಮ್ಮ ನಂಬಿಕೆ.

ಈಗ ಕಾಲು ನಿಲ್ಲಿಸಿದಾಗ ಮಾತ್ರ ಕಾಣಿಸಿಕೊಳ್ಳುವ ರೋಗಕ್ಕೆ ಬರುತ್ತೇವೆ; ನಮ್ಮ ಮಾತಿನ ಮುಖ್ಯಭಾಗವೇ ಇದು. ಇಳಿಜಾರಿನಲ್ಲಿ ನೀವು ಕಾಲು ನಿಲ್ಲಿಸಿದ್ದೀರಿ, ಆದರೆ ಪೆಡಲು ನಿಲ್ಲಲೊಲ್ಲದು. ಅಂಗಾಲನ್ನು ಮುಂದಕ್ಕೆ ನೂಕುತ್ತದೆ. ಬಗ್ಗಿ ನೋಡಿದರೆ ಚೈನಿನ ಮೇಲಿನ ಸಾಲು ಜೋತುಬಿದ್ದಿದೆ, ಕೆಳಗಿನ ಸಾಲು ಬಿಗಿದಿದೆ. ತುಳಿಯುವಾಗ ಇದ್ದುದಕ್ಕೆ ಇದು ತಲೆಕೆಳಗು. ಇದರ ಅರ್ಥ ಸ್ಪಷ್ಟ. ನಿಂತಿರಬೇಕಾದ ಹೊರಬಳೆಯನ್ನು ಓಡುತ್ತಿರುವ ಒಳಗಡ್ಡೆ ತನ್ನೊಡನೆ ಎಳೆದುಕೊಂಡು ಹೋಗುತ್ತಿದೆ. ಎರಡರ ನಡುವೆ ಸಲೀಸಾಗಿ ಉರುಳಬೇಕಾದ ಅರೆಕಾಲು ಅಂಗುಲದ ಕಿರುಗುಂಡುಗಳು ಮಣ್ಣಿನಲ್ಲಿಯೋ ತುಕ್ಕಿನಲ್ಲಿಯೋ ಗಟ್ಟಿಯಾದ ಜಿಡ್ಡಿನಲ್ಲಿಯೋ ಸಿಕ್ಕಿಕೊಂಡಿವೆ. ಖಾನಾಪುರದ ಜೇಡಿಮಣ್ಣು ಹೆಂಚಿಗೂ ಇಟ್ಟಿಗೆಗೂ ಹೆಸರಾದದ್ದು. ಅಷ್ಟು ನಯವಾದ ಮಣ್ಣು ಫ್ರೀವೀಲಿನೊಳಗೆ ಹೊಕ್ಕರೆ ಅಷ್ಟೇ ನಯವಾಗಿ ಎಲ್ಲ ಸಂದುಗಳನ್ನೂ ತುಂಬುತ್ತದೆ. ಮಳೆಗಾಲದಲ್ಲಿ ಕೆಸರಾಗಿ ಒಳನುಗ್ಗಿ, ಮಾಗಿಯಲ್ಲಿ ಒಣಗಿ, ಬೇಸಿಗೆಯಲ್ಲಿ ಗಾರೆಯಾಗುತ್ತದೆ.

ಇದನ್ನು ಅಲಕ್ಷ್ಯ ಮಾಡುವವರೇ ಹೆಚ್ಚು. ‘ಗಾಡಿ ಓಡುತ್ತದಷ್ಟೆ’ ಎನ್ನುತ್ತಾರೆ. ಓಡುವುದು ನಿಜ. ಆದರೆ ಜೋತ ಚೈನು ಹಲ್ಲಿನಿಂದ ಹೊರಕ್ಕೆ ಬೀಳುವುದು ಸುಲಭ. ಬಿದ್ದ ಚೈನು ಚೌಕಟ್ಟಿಗೂ ಫ್ರೀವೀಲಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಒಮ್ಮೆಗೇ ಸೆರೆಯಾಗುತ್ತದೆ. ಇದು ಸಂಭವಿಸುವುದು ತುಳಿಯುವಾಗಲಲ್ಲ, ಕಾಲು ನಿಲ್ಲಿಸಿದಾಗ. ಕಾಲು ನಿಲ್ಲಿಸುವುದು ಇಳಿಜಾರಿನಲ್ಲಿ. ಇಳಿಜಾರಿನಲ್ಲಿ ವೇಗ ಹೆಚ್ಚು. ಹೀಗೆ ಅತ್ಯಂತ ಕೆಟ್ಟ ಗಳಿಗೆಯನ್ನು ಆರಿಸಿಕೊಂಡು ಬರುವ ರೋಗವಿದು. ಹೀಗೆಯೇ ಬಿದ್ದು ಮೊಣಕೈ ಒಡೆದುಕೊಂಡ ಬಾಲಿಕೆಯೊಬ್ಬಳ ತಂದೆ, “ಸೈಕಲ್ ಸಾಕವ್ವ, ಮನ್ಯಾಗ ಇರು” ಎಂದುಬಿಟ್ಟದ್ದನ್ನು ನಾವು ಬಲ್ಲೆವು. ನಡೆದುಹೋಗು ಎಂದೂ ಹೇಳಲಿಲ್ಲ, ಮನೆಯಲ್ಲಿರು ಎಂದರು. ಆ ತಂದೆಯನ್ನು ನಾವು ದೂರುವುದಿಲ್ಲ; ರಕ್ತವನ್ನು ಕಂಡವರು ಅವರು. ಆದರೆ ದೋಷವಿದ್ದದ್ದು ಹುಡುಗಿಯ ಸವಾರಿಯಲ್ಲಿ ಅಲ್ಲ, ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಉಕ್ಕಿನ ಬಳೆಯಲ್ಲಿ. ಅದರ ಶುಶ್ರೂಷೆಗೆ ಬೇಕಾದದ್ದು ಒಂದು ಬಟ್ಟಲು ಸೀಮೆಎಣ್ಣೆ ಮತ್ತು ಅರ್ಧ ಗಂಟೆ. ಪುಣ್ಯಕ್ಕೆ ಅವಳ ಸೋದರಮಾವನಿಗೆ ಆ ಕೆಲಸ ಗೊತ್ತಿತ್ತು. ಆತನು ಬಂದು ಗಾಡಿಯನ್ನು ತೊಳೆದು, ಭಾವನನ್ನೇ ಅದರ ಮೇಲೆ ಕೂರಿಸಿ ಇಳಿಜಾರಿನಲ್ಲಿ ಓಡಿಸಿದಮೇಲೆ ಅಪ್ಪಣೆ ದೊರೆಯಿತು.

ಪರೀಕ್ಷೆ ಬಹಳ ಸುಲಭ. ನಮ್ಮ ಗಾಡಿಗಳಿಗೆ ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸ್ಟ್ಯಾಂಡು ಹಾಕಿ, ಕೈಯಿಂದ ಪೆಡಲು ತಿರುಗಿಸಿ ಚಕ್ರವನ್ನು ವೇಗಕ್ಕೆ ತಂದು, ಪೆಡಲನ್ನು ಬಿಟ್ಟುಬಿಡಿರಿ. ಪೆಡಲು ತಾನಾಗಿ ಮೆಲ್ಲಮೆಲ್ಲನೆ ತಿರುಗುತ್ತಿದ್ದರೆ ಅದೊಂದನ್ನೇ ದೋಷವೆನ್ನಬಾರದು. ಒಳ್ಳೆಯ ಫ್ರೀವೀಲಿನಲ್ಲಿಯೂ ಸ್ವಲ್ಪ ಎಳೆತ ಇದ್ದೇ ಇರುತ್ತದೆ, ಪೆಡಲಿನ ಮೇಲೆ ಕಾಲಿನ ಭಾರವಿಲ್ಲದಾಗ ಅಷ್ಟೇ ಸಾಕು. ಒಂದು ಬೆರಳನ್ನು ಅಡ್ಡ ಇಡಿರಿ. ಪೆಡಲು ನಿಂತು, ಚಕ್ರ ಟಿಕ್ ಟಿಕ್ ಎನ್ನುತ್ತ ಓಡುತ್ತಲೇ ಇದ್ದು, ಚೈನಿನ ಮೇಲಿನ ಸಾಲು ನೆಟ್ಟಗೆ ಉಳಿದರೆ ಫ್ರೀವೀಲು ಆರೋಗ್ಯವಾಗಿದೆ. ಬೆರಳಿಗೆ ನೂಕು ತಗಲಿ ಮೇಲಿನ ಸಾಲು ಜೋತುಬಿದ್ದರೆ ರೋಗವುಂಟು. ಪೆಡಲು ನಿಂತೊಡನೆ ಚಕ್ರವೂ ನಿಂತರೆ ರೋಗ ಬಲಿತಿದೆ. ಇವೆರಡೂ ಅಲ್ಲದೆ, ಪೆಡಲಿಗೆ ನೂಕು ಇಲ್ಲದೆಯೇ ಚಕ್ರ ಎರಡು ಮೂರು ಸುತ್ತಿನಲ್ಲಿ ಸುಸ್ತಾಗಿ ನಿಂತರೆ ಫ್ರೀವೀಲು ನಿರಪರಾಧಿ. ಹಬ್ಬಿನ ಕೋನು ಅತಿಯಾಗಿ ಬಿಗಿದಿದೆ, ಇಲ್ಲವೆ ಬ್ರೇಕಿನ ಗುಟ್ಟೆ ರಿಮ್ಮಿಗೆ ತಾಗುತ್ತಿದೆ.

ಚಿಕಿತ್ಸೆಗೆ ಗಾಡಿಯನ್ನು ಎಡಮಗ್ಗುಲಾಗಿ ಮಲಗಿಸಬೇಕು. ಆಗ ಫ್ರೀವೀಲು ಮೇಲ್ಮುಖವಾಗುತ್ತದೆ. ಹೊರಬಳೆಗೂ ಒಳಗಡ್ಡೆಗೂ ನಡುವಿನ ಉಂಗುರದಂಥ ಸಂದಿಯಲ್ಲಿ ಸೀಮೆಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿರಬೇಕು. ಕೆಳಗೆ ಚಿಂದಿಬಟ್ಟೆ ಹಾಸಿರಿ. ಹೊರಬರುವ ಕಪ್ಪುನೀರನ್ನು ನೋಡಿದರೆ ಇಷ್ಟು ಕೊಳೆ ಅಲ್ಲಿ ಹೇಗೆ ಹಿಡಿದಿತ್ತೆಂದು ಆಶ್ಚರ್ಯವಾಗುತ್ತದೆ. ಸೀಮೆಎಣ್ಣೆ ತಿಳಿಯಾಗಿ ಹೊರಬರುವವರೆಗೆ ಹೀಗೆ ಮಾಡಿ, ಚಕ್ರವನ್ನು ಸ್ವಲ್ಪ ಹೊತ್ತು ಒಣಗಲು ಬಿಟ್ಟು, ತೆಳುವಾದ ಯಂತ್ರದೆಣ್ಣೆಯನ್ನು ಏಳೆಂಟು ಹನಿ ಹಾಕಿದರೆ ಸಾಕು. ರಿಮ್ಮಿಗಾಗಲಿ ಟಯರಿಗಾಗಲಿ ಎಣ್ಣೆ ಸೋಕಕೂಡದು. ಸೋಕಿದರೆ ಬ್ರೇಕು ಹಿಡಿಯುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ಅರ್ಧಕ್ಕರ್ಧ ರೋಗ ಅಡಿಗೆಮನೆಯಿಂದಲೇ ಬರುತ್ತದೆ. ಉತ್ತರದ ಬಯಲುಸೀಮೆಯಲ್ಲಿ ಕುಸುಬೆಯೆಣ್ಣೆ ಪ್ರಸಿದ್ಧವಾದುದು. ರೊಟ್ಟಿ ಪಲ್ಯಗಳಿಗೆ ಅದು ಎಷ್ಟು ಹಿತವೋ ಫ್ರೀವೀಲಿಗೆ ಅಷ್ಟು ಅಹಿತ. ಅದು ಗಾಳಿಗೆ ಒಣಗುವ ಜಾತಿಯ ಎಣ್ಣೆ. ಬಣ್ಣ ವಾರ್ನಿಷುಗಳ ತಯಾರಿಕೆಯಲ್ಲಿ ಅದನ್ನು ಉಪಯೋಗಿಸುವುದೂ ಆ ಗುಣಕ್ಕಾಗಿಯೇ. ಹಾಕಿದ ದಿನ ಚಕ್ರ ಹಗುರಾಗಿ ಓಡುತ್ತದೆ. ಕೆಲವು ವಾರಗಳಲ್ಲಿ ಅಂಟಾಗಿ, ಆಮೇಲೆ ಅರಗಿನಂತೆ ಪೊರೆಕಟ್ಟುತ್ತದೆ. ಕೊಬ್ಬರಿಯೆಣ್ಣೆಯ ಕಥೆ ಬೇರೆ: ಅದು ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಳಗಾವಿ ಸೀಮೆಯ ಮಾಗಿಯ ಮುಂಜಾನೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹುಡುಗರು ಬೆಳಗ್ಗೆ ಶಾಲೆಗೆ ಹೊರಟಾಗ ಎಳೆಯುವ ಗಾಡಿ ಮಧ್ಯಾಹ್ನ ತಾನಾಗಿ ಸರಿಹೋದರೆ ದೆವ್ವದ ಕಾಟವಲ್ಲ, ಕೊಬ್ಬರಿಯೆಣ್ಣೆಯ ಕಾಟ. ಗಟ್ಟಿಯಾದ ಗ್ರೀಸೂ ಇಲ್ಲಿಗೆ ಸಲ್ಲದು. ಹಬ್ಬಿಗೆ ಅದು ಬೇಕು, ಫ್ರೀವೀಲಿಗೆ ಬೇಡ. ಗ್ರೀಸು ತುಂಬಿದ ಫ್ರೀವೀಲು ಸದ್ದಿಲ್ಲದೆ ಓಡುತ್ತದೆಂದು ಕೆಲವರು ಸಂತೋಷಪಡುತ್ತಾರೆ. ಆ ಮೌನ ಒಳ್ಳೆಯ ಲಕ್ಷಣವಲ್ಲ. ನಾಲಗೆಗಳು ಗ್ರೀಸಿನಲ್ಲಿ ಹೂತುಹೋಗಿ, ಮೇಲೆದ್ದು ಹಲ್ಲನ್ನು ಹಿಡಿಯಲಾರದೆ ಇರಬಹುದು.

ಹಾಗಾದಾಗ ಹುಟ್ಟುವುದೇ ಎರಡನೆಯ ರೋಗ, ಮೊದಲಿನದರ ತದ್ವಿರುದ್ಧ. ಉರುಳಿ ಬಂದು ಮತ್ತೆ ತುಳಿಯಲು ಹೋದರೆ ಪೆಡಲು ಬರಿದಾಗಿ ಕೆಳಗೆ ಬೀಳುತ್ತದೆ. ಕಾಲು ಸುತ್ತು, ಅರ್ಧ ಸುತ್ತು ಹೋದಮೇಲೆ ‘ಟಪ್’ ಎಂದು ಹಿಡಿಯುತ್ತದೆ. ಏರಿನಲ್ಲಿ ಸೀಟಿನಿಂದೆದ್ದು ಇಡೀ ಮೈಭಾರವನ್ನು ಒಂದು ಪೆಡಲಿನ ಮೇಲೆ ಹಾಕಿದಾಗ ಇದು ನಡೆದರೆ ಎದೆ ಹ್ಯಾಂಡಲಿಗೆ ಬಡಿಯುವುದು ಖಂಡಿತ. ಆದರೆ ಜಾರಿದ ಮಾತ್ರಕ್ಕೆ ಫ್ರೀವೀಲಿನ ನಾಲಗೆಯೇ ಜಾರಿತೆನ್ನಲಾಗದು. ಸವೆದ ಚೈನು ಸವೆದ ಹಲ್ಲಿನ ಮೇಲೆ ಹತ್ತಿ ಹಾರಿದರೂ ಹೀಗೆಯೇ ಆಗುತ್ತದೆ. ಎರಡನ್ನೂ ಬೇರ್ಪಡಿಸುವ ಉಪಾಯವುಂಟು. ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಹತ್ತದೆ ಪಕ್ಕದಲ್ಲಿ ನಿಂತು, ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಪೆಡಲನ್ನು ಕಾಲಿನಿಂದ ಬಲವಾಗಿ ಒತ್ತಿರಿ. ಇನ್ನೊಬ್ಬರು ಹಿಂದಿನ ಹಲ್ಲುಚಕ್ರವನ್ನೇ ನೋಡುತ್ತಿರಲಿ. ಚೈನೂ ಹಲ್ಲುಚಕ್ರವೂ ಒಟ್ಟಿಗೆ ಮುಂದೆ ಹೋಗಿ ಚಕ್ರ ಮಾತ್ರ ನಿಂತಿದ್ದರೆ ನಾಲಗೆಯ ತಪ್ಪು. ಹಲ್ಲುಚಕ್ರ ನಿಂತಿದ್ದು ಚೈನು ಅದರ ಹಲ್ಲುಗಳನ್ನು ದಾಟಿದರೆ ಸವೆತದ ತಪ್ಪು. ನಾಲಗೆಯ ತಪ್ಪಾದರೆ ಮೇಲೆ ಹೇಳಿದಂತೆ ತೊಳೆದು ನೋಡಬಹುದು. ತೊಳೆದಮೇಲೂ ಟಿಕ್ ಟಿಕ್ ತಾಳತಪ್ಪಿ ಬರುತ್ತಿದ್ದರೆ ಸ್ಪ್ರಿಂಗು ಮುರಿದಿದೆ ಅಥವಾ ನಾಲಗೆಯ ತುದಿ ಸವೆದಿದೆ. ಆಗ ಹೊಸ ಫ್ರೀವೀಲೇ ಲೇಸು. ನಾಲ್ಕು ಕಾಸು ಉಳಿಸಲು ಹೋಗಿ ಹಲ್ಲು ಕಳೆದುಕೊಳ್ಳುವುದು ಜಾಣತನವಲ್ಲ.

ಚೈನಿನ ಸವೆತವನ್ನು ಅಳೆಯಲು ಶಾಲೆಯ ಅಡಿಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಅಂಗುಲವಿರಬೇಕು. 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಬಿಗಿಯಾಗಿ ಎಳೆದು ಅಳೆದಾಗ 12 ಅಂಗುಲದ ಮೇಲೆ ವೀಸದಷ್ಟು ಹೆಚ್ಚಿದ್ದರೆ ಚೈನಿಗೆ ವಯಸ್ಸಾಗಿದೆ. ಅರೆಕಾಲಿನಷ್ಟು ಹೆಚ್ಚಿದ್ದರೆ ಅದರ ಆಯುಸ್ಸು ಮುಗಿದಿದೆ. ಅಷ್ಟರಲ್ಲಿ ಅದು ಹಿಂದಿನ ಹಲ್ಲುಗಳನ್ನೂ ತನ್ನ ಅಳತೆಗೆ ತೇದುಕೊಂಡಿರುತ್ತದೆ. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಮೊದಲಿಗಿಂತ ಹೆಚ್ಚಾಗಿ ಹಾರುವುದನ್ನು ಕಂಡು ಜನ ಅಂಗಡಿಯವನನ್ನು ಶಪಿಸುತ್ತಾರೆ. ಅಂಥಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಚೈನಿನ ಬಿಗಿಯನ್ನೂ ನೋಡಿರಿ: ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಆಡಿಸಿದರೆ ಅರ್ಧದಿಂದ ಮುಕ್ಕಾಲು ಅಂಗುಲ ಮೇಲೆಕೆಳಗೆ ಆಡಬೇಕು. ಹಲ್ಲುಚಕ್ರ ಪೂರ್ಣ ದುಂಡಗಿರುವುದು ಅಪರೂಪ. ಆದ್ದರಿಂದ ಪೆಡಲನ್ನು ತಿರುಗಿಸುತ್ತ, ಅತ್ಯಂತ ಬಿಗಿಯಾಗಿ ಬರುವ ಜಾಗದಲ್ಲಿ ಈ ಅಳತೆಯನ್ನು ತೆಗೆಯತಕ್ಕದ್ದು.

ಕಾಟರ್ ಪಿನ್ನಿನ ವಿಷಯವನ್ನು ಬೇಗನೆ ಮುಗಿಸುತ್ತೇವೆ. ಉರುಳುವಾಗ ಎರಡು ಪೆಡಲುಗಳನ್ನೂ ಸಮತಟ್ಟಾಗಿ ಇಟ್ಟು ಅವುಗಳ ಮೇಲೆ ನಿಂತರೆ ಒಂದು ಪೆಡಲು ‘ಟಕ್’ ಎಂದು ತುಸು ಇಳಿದಂತಾಗುವುದು, ಅರ್ಧ ಸುತ್ತು ತಿರುಗಿಸಿ ನಿಂತಾಗ ಮತ್ತೆ ಹಾಗೆಯೇ ಆಗುವುದು, ಇವು ಪಿನ್ನು ಸಡಿಲಾದುದರ ಗುರುತು. ಇದನ್ನು ಕೂಡಲೆ ಬಿಗಿಮಾಡಿಸಬೇಕು. ಸಡಿಲಾದ ಪಿನ್ನು ದಿನದಿನಕ್ಕೆ ಅಚ್ಚನ್ನೇ ತಿನ್ನುತ್ತದೆ. ಪಿನ್ನನ್ನು ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಕಬ್ಬಿಣದ ಆಸರೆ ಕೊಡಬೇಕು. ಆಸರೆಯಿಲ್ಲದೆ ಸುತ್ತಿಗೆಯಿಂದ ಹೊಡೆದರೆ ಪೆಟ್ಟೆಲ್ಲ ಒಳಗಿನ ಗುಂಡುಗಳ ಮೇಲೆ ಬಿದ್ದು ಬಟ್ಟಲುಗಳಲ್ಲಿ ಕುಳಿ ಬೀಳುತ್ತದೆ. ಆಮೇಲೆ ಆ ಕುಳಿಗಳ ಸದ್ದಿಗೆ ಇನ್ನೊಂದು ಚಿಕಿತ್ಸೆ!

ಉರುಳುವಾಗ ಹಿಂದಿನಿಂದ ನೋಡಿದವರು, “ನಿಮ್ಮ ಹಿಂದಿನ ಹಲ್ಲುಚಕ್ರ ಓಲಾಡುತ್ತಿದೆ” ಎಂದು ಎಚ್ಚರಿಸುವುದುಂಟು. ಸ್ವಲ್ಪ ಓಲಾಟಕ್ಕೆ ಹೆದರಬೇಕಾಗಿಲ್ಲ. ಒಳಗಡ್ಡೆಯ ತಿರುಪು ಕೂದಲೆಳೆಯಷ್ಟು ಓರೆಯಾಗಿದ್ದರೂ ನಿಂತ ಬಳೆ ಓಲಾಡಿದಂತೆ ಕಾಣುತ್ತದೆ. ಹೊಸ ಗಾಡಿಗಳಲ್ಲಿಯೂ ಇದನ್ನು ನೋಡಬಹುದು. ಬಳೆಯನ್ನು ಬೆರಳುಗಳಿಂದ ಹಿಡಿದು ಅಲುಗಿಸಿದಾಗ ಕಟಕಟನೆ ಆಡಿದರೆ ಮಾತ್ರ ಒಳಗಿನ ಗುಂಡುಗಳು ಸವೆದಿವೆ, ಇಲ್ಲವೆ ಮುಚ್ಚಳ ಸಡಿಲಾಗಿದೆಯೆಂದು ತಿಳಿಯಬೇಕು.

ಈಚೆಗೆ ಹಳ್ಳಿಗಳಿಗೂ ಗೇರಿನ ಬೈಸಿಕಲ್ಲುಗಳು ಬಂದಿವೆ. ಅವುಗಳಲ್ಲಿ ಚೈನನ್ನು ಬಿಗಿಹಿಡಿಯುವ ಸ್ಪ್ರಿಂಗಿನ ತೋಳೊಂದು ಹಿಂದೆ ನೇತಾಡುತ್ತಿರುತ್ತದೆ. ಕಾಲು ನಿಲ್ಲಿಸಿದಾಗ ಅದು ಮುಂದಕ್ಕೆ ಎಳೆಯಲ್ಪಟ್ಟು ಮೇಲಿನ ಚೈನು ಜೋತರೆ ರೋಗ ಅದೇ. ಎಳೆಯುತ್ತಿರುವುದು ಒಳಗಿನ ನಾಲಗೆಗಳ ಮನೆಯೇ. ಚೈನು ಸುಮ್ಮನೆ ಉದ್ದವಾಗಿದ್ದರೆ ತುಳಿಯುವಾಗಲೂ ಕೆಳಗಿನ ಸಾಲು ಜೋಲುತ್ತಿರುತ್ತದೆ. ಪ್ರಶ್ನೆಗಳು ಒಂದೇ, ಉತ್ತರಗಳು ಇರುವ ಜಾಗ ಮಾತ್ರ ಬೇರೆ.

ಫ್ರೀವೀಲನ್ನು ಮನೆಯಲ್ಲಿ ಬಿಚ್ಚಬಹುದೇ ಎಂದು ಉತ್ಸಾಹಿಗಳು ಕೇಳಬಹುದು. ಅದರ ಮುಚ್ಚಳದಲ್ಲಿ ಎರಡು ಸಣ್ಣ ಕುಳಿಗಳಿರುತ್ತವೆ; ಅದರ ತಿರುಪು ಸಾಮಾನ್ಯವಾಗಿ ಲೋಕರೂಢಿಗೆ ವಿರುದ್ಧ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ತಿಳಿಯದೆ ಎಡಕ್ಕೆ ಬಡಿದು ಬಡಿದು ಕುಳಿಗಳನ್ನು ಕೆಡಿಸಿದ ಫ್ರೀವೀಲುಗಳನ್ನು ಪ್ರತಿಯೊಂದು ಅಂಗಡಿಯ ಹಳೆಯ ಕಬ್ಬಿಣದ ಡಬ್ಬಿಯಲ್ಲಿಯೂ ಕಾಣಬಹುದು. ಬಿಚ್ಚಿಕೊಂಡರೆ ಸಾಸುವೆಯಂತೆ ಚೆಲ್ಲುವ ಹತ್ತಾರು ಕಿರುಗುಂಡುಗಳು, ಹಾರಿಹೋಗುವ ಎರಡು ಸ್ಪ್ರಿಂಗುಗಳು. ಅವನ್ನು ಹುಡುಕುವುದರಲ್ಲಿ ಭಾನುವಾರ ಕಳೆದುಹೋಗುತ್ತದೆ. ಆದುದರಿಂದ ಬಿಚ್ಚುವ ಕೆಲಸವನ್ನು ಮಿಸ್ತ್ರಿಗೇ ಬಿಡಬಹುದು. ಅವನ ಬಳಿಗೆ ಹೋದಾಗ, “ಸಪ್ಪಳ ಬರುತ್ತದೆ, ನೋಡು” ಎಂದು ಗಾಡಿಯನ್ನು ಒಪ್ಪಿಸಿ ಚಹಕ್ಕೆ ಹೋಗುವುದರ ಬದಲು, ತುಳಿಯುವಾಗ ಹೀಗೆ, ಕಾಲು ನಿಲ್ಲಿಸಿದಾಗ ಹೀಗೆ, ಹಿಂದಕ್ಕೆ ತಿರುಗಿಸಿದಾಗ ಹೀಗೆ, ಇಷ್ಟು ಸುತ್ತಿಗೆ ಒಮ್ಮೆ ಎಂದು ಹೇಳಿರಿ. ಮೇಲಿನ ಚೈನು ಜೋಲುತ್ತದೆಯೋ ಇಲ್ಲವೋ ಎಂಬುದನ್ನೂ ಹೇಳಿರಿ. ಒಳ್ಳೆಯ ಮಿಸ್ತ್ರಿಯಾದರೆ ಅಷ್ಟರಲ್ಲಿಯೇ ಅವನ ಕೈ ಸರಿಯಾದ ಪಾನೆಯ ಕಡೆಗೆ ಹೋಗಿರುತ್ತದೆ.